ಮಗಳಿಗೆ ಎಕೋ, ಆಮೇಲೆ ನನಗೆ

ಬೇಸಿಗೆಯ ಈಜು ತಂಡಕ್ಕೆ ಸೇರಲು ಡಾಕ್ಟರ ಸಹಿ ಬೇಕಿತ್ತು. ಹ್ಯೂಸ್ಟನ್ ಪಕ್ಕದ ನಮ್ಮೂರು ಕೇಟಿಯಲ್ಲಿ ಮಕ್ಕಳ ಡಾಕ್ಟರು ಮಗಳು ಅನಘಳ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ತೆಗೆದರು. ಮತ್ತೆ ಇಟ್ಟರು.

ಸಹಿ ಹಾಕಲಿಲ್ಲ.

ಎದೆಬಡಿತದ ಜೊತೆ ಬೇರೊಂದು ಸದ್ದು ಕೇಳುತ್ತಿದೆ, ಹೃದಯದ ಸ್ಕ್ಯಾನ್, ಅಂದರೆ ಎಕೋ ಮಾಡಿಸಿ ಎಂದರು. ಅವಳಿಗೆ ಒಂಬತ್ತು ವರ್ಷ. ಒಂದು ದಿನವೂ ಸುಸ್ತೆಂದು ಕೂತವಳಲ್ಲ.

ಮುಂದಿನ ವಾರ ಹ್ಯೂಸ್ಟನ್‌ಗೆ ಹೋದೆವು. ಎದೆ ಕೊಯ್ಯುವುದಿಲ್ಲ, ಸೂಜಿ ಕೂಡ ಚುಚ್ಚುವುದಿಲ್ಲ, ಹೊಟ್ಟೆಯೊಳಗಿನ ಮಗುವನ್ನು ನೋಡುವಂತೆಯೇ ಹೃದಯವನ್ನೂ ನೋಡುತ್ತಾರೆ ಎಂದು ಹೆಂಡತಿ ಸುಮಾ ದಾರಿಯುದ್ದಕ್ಕೂ ಅವಳಿಗೆ ಹೇಳಿದಳು. ಮಬ್ಬು ಬೆಳಕಿನ ಕೋಣೆಯಲ್ಲಿ ಟೆಕ್ನಿಷಿಯನ್ ಜೆಲ್ ಹಚ್ಚಿ, ಪ್ರೋಬ್ ಒತ್ತಿ ಅಳತೆ ತೆಗೆಯುತ್ತಾ ಹೋದರು. ಮುಕ್ಕಾಲು ಗಂಟೆ ಹಿಡಿಯಿತು. ಪರದೆಯ ಮೇಲೆ ಮಗಳ ಹೃದಯ ಮಿಡಿಯುತ್ತಿತ್ತು. ನನಗೆ ಹೆದರಿಕೆಯಾಗಬೇಕಿತ್ತು, ಆದರೆ ಕಾರನ್ನು ಪಾರ್ಕಿಂಗಿನ ಯಾವ ಮಹಡಿಯಲ್ಲಿ ನಿಲ್ಲಿಸಿದೆ ಎಂದು ನೆನಪಿಸಿಕೊಳ್ಳುತ್ತಾ ಕೂತಿದ್ದೆ.

ಹೃದಯದ ಸ್ನಾಯು ಒಂದು ಕಡೆ ದಪ್ಪಗಾಗಿದೆ ಎಂದರು ಕಾರ್ಡಿಯಾಲಜಿಸ್ಟ್. ಸದ್ಯಕ್ಕೆ ಆಪರೇಷನ್ ಬೇಡ. ಸ್ಪರ್ಧೆಯ ಈಜೂ ಬೇಡ. ಇದು ವಂಶದಲ್ಲಿ ಬರುವುದುಂಟು, ತಂದೆತಾಯಿಗಳೂ ಎಕೋ ಮಾಡಿಸಿಕೊಳ್ಳಬೇಕು ಎಂದರು.

ಸುಮಾಳದು ಸರಿಯಿತ್ತು.

ನನ್ನದು ಮಗಳ ಹೃದಯದಂತೆಯೇ ಇತ್ತು.

ಮೈಸೂರಿನಲ್ಲಿ ನನ್ನ ಅಪ್ಪ ನಲವತ್ತಾರನೇ ವಯಸ್ಸಿಗೆ ಬಸ್ ಸ್ಟಾಪಿನಲ್ಲಿ ಕುಸಿದು ಬಿದ್ದು ತೀರಿಕೊಂಡಿದ್ದರು. ಹಾರ್ಟ್ ಅಟ್ಯಾಕ್ ಎಂದೇ ನಾವೆಲ್ಲ ನಂಬಿದ್ದೆವು.

"ನಾನೇ ಕೊಟ್ಟಿದ್ದು ಕಣೇ," ಎಂದೆ ಸುಮಾಳಿಗೆ.

ಅವಳು ಚಪಾತಿ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಅವಳಿಗೆ ಮಾಡಿಸ್ದೇ ಇದ್ದಿದ್ರೆ ನಿಮ್ದು ಗೊತ್ತೇ ಆಗ್ತಿರ್ಲಿಲ್ಲ. ಅದನ್ನ ಯೋಚ್ನೆ ಮಾಡಿ."

ಯೋಚಿಸಲಾಗಲಿಲ್ಲ. ವಾರಗಟ್ಟಲೆ ಆಫೀಸಿಗೆ ಹೋದೆ, ಮಾತ್ರೆ ನುಂಗಿದೆ, ಕೇಳಿದವರಿಗೆ ಚೆನ್ನಾಗಿದ್ದೇವೆ ಎಂದೆ. ಒಳಗೆ ಏನೂ ಅಲುಗಲಿಲ್ಲ.

ಅನಘಳಿಗೆ ನಾನೇ ಹೇಳಿದೆ. ತಂಡಕ್ಕೆ ಸೇರುವಂತಿಲ್ಲ ಎಂದೆ; ನನಗೂ ಅದೇ ಇದೆ ಎಂದೆ. ಅವಳು ಅಳಲಿಲ್ಲ. ನನ್ನನ್ನೇ ನೋಡಿ, "ತಾತ ಹ್ಯಾಡ್ ಇಟ್ ಟೂ?" ಎಂದಳು.

"ಇದ್ದಿರಬಹುದು ಪುಟ್ಟಿ. ಯಾರೂ ನೋಡಿರ್ಲಿಲ್ಲ."

ಆ ಮಾತು ಮುಗಿಸುವಷ್ಟರಲ್ಲಿ ಅತ್ತುಬಿಟ್ಟೆ. ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು.

ಈಗ ಅನಘ ಕೊಳದ ದಂಡೆಯಲ್ಲಿ ನಿಂತು ಗೆಳತಿಯರ ಟೈಮ್ ಬರೆದುಕೊಳ್ಳುತ್ತಾಳೆ. ಕೆಲವು ದಿನ ಮುಖ ಸಣ್ಣದಾಗುತ್ತದೆ. ಕೆಲವು ದಿನ ಇಲ್ಲ. ಹೋದ ತಿಂಗಳು ಇಬ್ಬರಿಗೂ ಮತ್ತೆ ಎಕೋ ಆಯಿತು. ಏನೂ ಬದಲಾಗಿಲ್ಲ ಎಂದರು. ಅಷ್ಟೇ ಮಾತಿಗೆ ಕೈಮುಗಿಯಬೇಕೆನಿಸಿತು.