ಕೂಗಬ್ಯಾಡ, ಕುಂದ್ರು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ವಿದ್ಯಾವತಿ ಕಾಡಿನ ಕಾಲುದಾರಿಯಲ್ಲಿ ಬಗ್ಗಿ, ತನ್ನ ತಾಯಿ ಅಂಬಮ್ಮನ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಗಂಡ ಅಮರನಾಥ ಆಗಷ್ಟೇ ಫೋನಿನಲ್ಲಿ ತೆಗೆದ ಫೋಟೋ. ಅದರಲ್ಲಿ ವಿದ್ಯಾವತಿಯ ಬೆನ್ನಿದೆ, ಅಂಬಮ್ಮನ ಒಂದು ಕಾಲಿದೆ, ಅಂಚಿನಲ್ಲಿ ಆರು ವರ್ಷದ ಮಗಳು ಸೃಷ್ಟಿಯ ಹಳದಿ ಫ್ರಾಕಿನ ಒಂದು ಚೂರಿದೆ. ವಿದ್ಯಾವತಿ ತಲೆ ಎತ್ತಿದಾಗ ಆ ಹಳದಿ ಎಲ್ಲೂ ಇರಲಿಲ್ಲ.

"ಸೃಷ್ಟಿ ಎಲ್ರೀ?"

"ನಿನ್ನ ಹಿಂದ ಇದ್ದಳಲ್ಲ."

"ನನ್ನ ಹಿಂದ ನೀವಿದ್ರಿ!"

ದೀಪಾವಳಿ ರಜೆಗೆಂದು ಅವರು ಕಲಬುರಗಿಯ ಖೂಬಾ ಪ್ಲಾಟಿನಿಂದ ದಾಂಡೇಲಿ ಆಚೆಯ ರಾಷ್ಟ್ರೀಯ ಉದ್ಯಾನಕ್ಕೆ ಬಂದಿದ್ದರು. ಅಮರನಾಥ ನಂದೂರಿನ ಬೇಳೆ ಮಿಲ್ಲಿನಲ್ಲಿ ಯಂತ್ರ ರಿಪೇರಿ ಮಾಡುತ್ತಾನೆ. ವಿದ್ಯಾವತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಬಾಡಿಗೆ ಕಾರು ಓಡಿಸಿಕೊಂಡು ಬಂದವನು ಮೋಮಿನಪುರದ ಮಂಜೂರ್; ಅವನೂ ಕಾಡಿನೊಳಗೆ ಜೊತೆಗೇ ನಡೆದಿದ್ದ. "ನಾಕು ಮಂದಿ ಕೈ ಕೈ ಹಿಡದ್ರೂ ಸುತ್ತಾಕ ಬರಲಾರದಂಥ ಗಿಡ ತೋರಸ್ತೀನಿ" ಎಂದು ಅಮರನಾಥ ಮಗಳಿಗೆ ಮಾತು ಕೊಟ್ಟಿದ್ದ.

ನಿಜ ಹೇಳಬೇಕೆಂದರೆ ವಿದ್ಯಾವತಿಗೆ ಭಯ ಶುರುವಾಗಿದ್ದು ಉದ್ಯಾನದ ಗೇಟಿನಲ್ಲಿಯೇ. ಅವಳು ಹುಟ್ಟಿ ಬೆಳೆದದ್ದು ಕಮಲಾಪುರದಲ್ಲಿ. ಅಲ್ಲಿ ದಾರಿಯಲ್ಲಿ ಬರುವವರು ಯಾರೆಂದು ಮುಖ ಕಾಣುವ ಮೊದಲೇ ನಡಿಗೆಯಿಂದ ಗೊತ್ತಾಗುತ್ತದೆ, ಅಷ್ಟು ಬಯಲು. ಇಲ್ಲಿ ಒಂದು ಮರದ ಹಿಂದೆ ಇನ್ನೊಂದು ಮರ, ಅದರ ಹಿಂದೆ ಮತ್ತೊಂದು. ಬುಡದಿಂದ ಗೋಡೆಗಳಂತೆ ಎದ್ದು ನಿಂತ ಬೇರುಗಳು. ಆಕಾಶ ಹರಿದ ಬಟ್ಟೆಯ ಚೂರುಗಳ ಹಾಗೆ ಅಲ್ಲಲ್ಲಿ ಕಾಣುತ್ತಿತ್ತು.

"ಇಲ್ಲಿ ದಿಕ್ಕೇ ತಿಳಿಯಂಗಿಲ್ಲಲ್ರೀ" ಎಂದು ಅವಳು ಹೇಳಿದ್ದಕ್ಕೆ ಅಮರನಾಥ ನಕ್ಕಿದ್ದ. "ಹುಲಿ ಬಂದ್ರೂ ನಿನ್ನ ಮಾರಿ ನೋಡಿ ಅದೇ ಓಡ್ತದ, ನಡಿ."

"ಹುಲಿ ಓಡ್ಲಿ ಬಿಡಪ, ನನ್ನ ಮೊಣಕಾಲು ಓಡಂಗಿಲ್ಲ" ಎಂದಿದ್ದಳು ಅಂಬಮ್ಮ.

ಈಗ ಯಾರೂ ನಗುತ್ತಿರಲಿಲ್ಲ. ಅಮರನಾಥ ಬಂದ ದಾರಿಯಲ್ಲಿ ಹಿಂದಕ್ಕೆ ಓಡಿದ. ಜೊತೆಗಿದ್ದ ಅರಣ್ಯ ಕಾವಲುಗಾರ ಕೆಳಗಿನ ಹಳ್ಳದ ಕಡೆ ಇಳಿದ. "ಸೃಷ್ಟೀ!" ಎಂದು ಎಲ್ಲರೂ ಕೂಗಿದರು. ಕೂಗು ಮರಗಳಿಗೆ ತಗುಲಿ ನಾಲ್ಕೂ ಕಡೆಯಿಂದ ಹಿಂದಿರುಗುತ್ತಿತ್ತು. ಉತ್ತರ ಮಾತ್ರ ಇಲ್ಲ.

"ಘಾಬ್ರಿ ಆಗಬ್ಯಾಡ್ರಿ ಅಕ್ಕಾ" ಎಂದ ಮಂಜೂರ್. "ಸಣ್ಣ ಹುಡುಗಿ, ಎಷ್ಟು ದೂರ ಹೋಗ್ತಾಳ? ಓ ಅಂತ ಅಂದೇ ಅಂತಾಳ."

ಆ ಮಾತು ಕೇಳಿದ ಮೇಲೆಯೇ ವಿದ್ಯಾವತಿಗೆ ನಿಜವಾದ ಭಯ ಹುಟ್ಟಿತು. ಸೃಷ್ಟಿ ಓ ಅನ್ನುವುದಿಲ್ಲ. ಅನ್ನಬಾರದೆಂದು ಕಲಿಸಿದವಳು ತಾನೇ.

ಕಮಲಾಪುರದ ಕಪ್ಪು ಮಣ್ಣಿನಲ್ಲಿ ಮಳೆ ಚೆನ್ನಾಗಿ ಬಿದ್ದ ವರ್ಷ ತೊಗರಿ ಆಳೆತ್ತರ ಮೀರಿ ಬೆಳೆಯುತ್ತದೆ. ಒಳಗೆ ಹೊಕ್ಕ ಮಗುವಿಗೆ ಹೊರಗಿನದು ಕಾಣುವುದಿಲ್ಲ. ಹೊರಗಿನವರಿಗೆ ಮಗು ಕಾಣುವುದಿಲ್ಲ. ಕೂಗಿದರೆ ಯಾವ ಕಡೆಯ ಕೂಗೆಂದು ತಿಳಿಯದೆ ಇಬ್ಬರೂ ಓಡಿ ಇನ್ನಷ್ಟು ದೂರವಾಗುತ್ತಾರೆ. ಮೇಲಾಗಿ ಕಾಡುಹಂದಿಗಳ ಕಾಟ; ಚೀರಿದರೆ ಅವು ಬರುತ್ತವೆಂಬ ಭಯ. ಅದಕ್ಕೆ ಅಂಬಮ್ಮನ ಮನೆಯಲ್ಲಿ ಒಂದು ಕಟ್ಟಳೆ ಇತ್ತು: "ಕೂಗಬ್ಯಾಡ, ಓಡಬ್ಯಾಡ. ಇದ್ದಲ್ಲೇ ಕುಂದ್ರು. ಕೈಗೆ ಸಿಕ್ಕಿದ್ದು ಮೂರು ಸಲ ಅಳ್ಳಾಡಸು, ತಡಿ, ಮತ್ತ ಮೂರು ಸಲ." ದೊಡ್ಡವರು ಬದು ಏರಿ ನಿಂತು ತೊಗರಿಯ ತುದಿಗಳನ್ನು ನೋಡುತ್ತಿದ್ದರು. ಗಾಳಿ ಬೀಸಿದರೆ ಇಡೀ ಹೊಲ ತೂಗುತ್ತದೆ, ಹಂದಿ ನುಗ್ಗಿದರೆ ಗೆರೆ ಎಳೆದ ಹಾಗೆ ಅಲುಗುತ್ತಾ ಸಾಗುತ್ತದೆ. ಒಂದೇ ಜಾಗದಲ್ಲಿ ಮೂರು ಸಲ ಅಲುಗಿ ನಿಂತರೆ ಅದು ಮಗು. ಐದು ವರ್ಷದವಳಿದ್ದಾಗ ವಿದ್ಯಾವತಿಯೂ ಹೀಗೆ ಕುಳಿತು, ಅಂಗೈ ಸುಲಿಯುವವರೆಗೆ ತೊಗರಿ ಅಲ್ಲಾಡಿಸಿ, ತಾಯಿಯ ಕೈಗೆ ಸಿಕ್ಕಿದ್ದಳು. ಹೋದ ವರ್ಷ ಅದೇ ಹೊಲದಲ್ಲಿ ಮಗಳಿಗೆ ಅದನ್ನೇ ಆಟವಾಗಿ ಕಲಿಸಿದ್ದಳು. ಸೃಷ್ಟಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. "ಭಾಳ ಶ್ಯಾಣ್ಯಾ" ಎಂದು ಎಲ್ಲರೂ ಹೊಗಳಿದ್ದರು.

ಆ ಶ್ಯಾಣ್ಯಾ ಹುಡುಗಿ ಈಗ ಎಲ್ಲೋ ತುಟಿ ಬಿಗಿದು ಕುಳಿತು, ನೆಲಕ್ಕೆ ಬೇರು ಬಿಟ್ಟ ಇಂಥದೊಂದು ಗೋಡೆಯನ್ನು ತನ್ನ ಎರಡು ಕೈಯಿಂದ ಅಲ್ಲಾಡಿಸುತ್ತಿರಬಹುದು. ವಿದ್ಯಾವತಿ ಸುತ್ತಲೂ ನೋಡಿದಳು. ತೊಗರಿಯಾದರೆ ಬದು ಏರಿ ಮೇಲಿನಿಂದ ನೋಡಬಹುದು. ಇಲ್ಲಿ ಏರಲು ಬದು ಇಲ್ಲ. ತಾನೇ ಹೊಲದ ತಳದಲ್ಲಿ ನಿಂತಿದ್ದಾಳೆ.

"ಚೀರಬ್ಯಾಡ್ರಿ!" ಎಂದಳು. "ಎಲ್ಲಾರೂ ಸುಮ್ಮ ನಿಂದರ್ರಿ."

"ತಲಿ ಕೆಟ್ಟದೇನು ನಿನಗ?" ಎಂದ ಆಗಷ್ಟೇ ಹಿಂದಿರುಗಿದ ಅಮರನಾಥ. "ಕೂಸು ಕಳದದ, ಸುಮ್ಮ ನಿಂದ್ರು ಅಂತಿ!"

"ಆಕಿ ಹೇಳೂದು ಖರೆ ಅದ, ಅಳಿಯಂದಿರ" ಎಂದಳು ಅಂಬಮ್ಮ. ಬೇರೊಂದರ ಮೇಲೆ ಕುಸಿದು ಕುಳಿತಿದ್ದ ಅವಳ ಗಲ್ಲದ ಮೇಲೆ ನೀರಿತ್ತು. "ಕೂಸು ಮಾತಾಡಂಗಿಲ್ಲ. ಮ್ಯಾಲ ನೋಡ್ರಿ. ಅಳ್ಳಾಡೂದು ನೋಡ್ರಿ."

ನಾಲ್ವರೂ ಕತ್ತೆತ್ತಿದರು. ಗಾಳಿ ಒಂದಿಷ್ಟೂ ಇರಲಿಲ್ಲ. ಅಷ್ಟೆತ್ತರದ ಎಲೆಗಳು ಬರೆದಿಟ್ಟ ಹಾಗೆ ನಿಂತಿದ್ದವು. ಬಲಕ್ಕೆ ಒಂದು ಕೊಂಬೆ ಜೋರಾಗಿ ಅಲುಗಿತು. ವಿದ್ಯಾವತಿ ಸೀರೆ ಎತ್ತಿಕಟ್ಟಿ ಓಡಿದಳು. ಕೊಂಬೆಯಿಂದ ಕರಿ ಮೋರೆಯ ಮುಸುವ ಹಾರಿ ಇನ್ನೊಂದು ಕೊಂಬೆಗೆ ಹೋಯಿತು. ಅವಳು ಅಲ್ಲೇ ನಿಂತಳು. ಆ ಕ್ಷಣ ಅವಳಿಗೆ ಮಗಳ ಮುಖ ನೆನಪಾಗಲಿಲ್ಲ. ಫೋಟೋದಲ್ಲಿ ಉಳಿದ ಹಳದಿ ಚೂರು ಮಾತ್ರ ಕಣ್ಣಿಗೆ ಕಟ್ಟಿತು.

"ಅಕ್ಕಾ" ಎಂದು ಮಂಜೂರ್ ಪಿಸುಗುಟ್ಟಿದ. "ಆ ಬಳ್ಳಿ ನೋಡ್ರಿ."

ದಾರಿಯ ಎಡಕ್ಕೆ, ಎಲ್ಲಕ್ಕಿಂತ ದಪ್ಪನೆಯ ಮರದ ಮೇಲಿಂದ ತೋಳಿನಷ್ಟು ದಪ್ಪದ ಬಳ್ಳಿಯೊಂದು ಇಳಿಬಿದ್ದಿತ್ತು. ಅದರ ನಡು ಅಲುಗಿತು. ಮತ್ತೆ ಅಲುಗಿತು. ಮತ್ತೊಮ್ಮೆ. ನಿಂತಿತು. ಮಂಗ ಎಣಿಸುವುದಿಲ್ಲ. ಬಳ್ಳಿ ಮತ್ತೆ ಮೂರು ಸಲ ಅಲುಗಿತು, ಸ್ವಲ್ಪ ಸೋತ ಹಾಗೆ.

ಎರಡು ಬೇರುಗಳ ನಡುವಿನ ಸಂದಿಯಲ್ಲಿ ಸೃಷ್ಟಿ ಕಾಲು ಮಡಿಚಿ ಕುಳಿತಿದ್ದಳು. ಅಂಗೈ ಎರಡೂ ಕೆಂಪಾಗಿದ್ದವು. ತಾಯಿಯನ್ನು ನೋಡಿ ಮೊದಲು ತುಟಿಯ ಮೇಲೆ ಬೆರಳಿಟ್ಟಳು.

"ಆಯಿ ಎಷ್ಟ ಚೀರಾಕತ್ತಿದ್ಳು! ಹಂದಿ ಬರ್ತಿದ್ವು" ಎಂದು ಪಿಸುದನಿಯಲ್ಲಿ ಅಜ್ಜಿಯ ಮೇಲೆ ದೂರು ಹೇಳಿದಳು. "ಅವ್ವಾ, ಅಪ್ಪ ಹೇಳಿದ ದಪ್ಪ ಗಿಡ ನೋಡಾಕ ಬಂದಿದ್ದೆ. ಈ ಗಿಡ ಅಳ್ಳಾಡವಲ್ದು. ಭಾಳ ಹೊತ್ತು ನೂಕಿದೆ. ಆಮ್ಯಾಲ ಬಳ್ಳಿ ಹಿಡದೆ." ಹೇಳಿ ಮುಗಿಸಿದ ಮೇಲೆಯೇ ಅವಳಿಗೆ ಅಳು ಬಂತು.

ವಿದ್ಯಾವತಿಗೆ ಬಯ್ಯಬೇಕೋ ಮುದ್ದಿಸಬೇಕೋ ತಿಳಿಯಲಿಲ್ಲ. ಆ ಅಂಗೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕುಳಿತುಬಿಟ್ಟಳು. ಅಮರನಾಥ ಬಂದು ಇಬ್ಬರ ಮೇಲೂ ಬಗ್ಗಿ ನಿಂತ. ಕಾಲುದಾರಿ ಅಲ್ಲಿಂದ ಒಂದು ಕೂಗಳತೆಯೂ ಇರಲಿಲ್ಲ.

ಫೋನಿನ ಮುಂದಿನ ಫೋಟೋದಲ್ಲಿ ಸೃಷ್ಟಿ ಅಜ್ಜಿಯ ತೊಡೆಯ ಮೇಲಿದ್ದಾಳೆ. ಅದರ ಸಮಯ ಹನ್ನೊಂದು ಗಂಟೆ ಮೂರು ನಿಮಿಷ.

ಮುಂದಿನ ತಿಂಗಳು ಕಮಲಾಪುರದಲ್ಲಿ ಹಸಿ ತೊಗರಿಕಾಯಿ ಬಿಡಿಸಲು ಎಲ್ಲರೂ ಸೇರಿದ್ದರು. ಸೃಷ್ಟಿ ಅಂಗಳ ದಾಟದಂತೆ ವಿದ್ಯಾವತಿ ಅವಳ ಲಂಗದ ಚುಂಗನ್ನು ತನ್ನ ಕಾಲಡಿ ಒತ್ತಿಕೊಂಡೇ ಕುಳಿತಿದ್ದಳು. ಪಕ್ಕದ ಮನೆಯ ಶೀಲಾ ಕೇಳಿದಳು: "ಅಲ್ಲವ್ವಾ ವಿದ್ಯಾ, ಕೂಸು ಎಷ್ಟೊತ್ತು ಸಿಕ್ಕಿದ್ದಿಲ್ಲ?"

ಅಮರನಾಥ ಕಿಸೆಯಿಂದ ಫೋನ್ ತೆಗೆದು, "ಬರೇ ಇಪ್ಪತ್ತಮೂರು..." ಎಂದು ಶುರು ಮಾಡಿದ.

ವಿದ್ಯಾವತಿ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಸೀಳಿ, ಕಾಳನ್ನು ಬುಟ್ಟಿಗೆ ಉದುರಿಸಿ ಹೇಳಿದಳು:

"ನಾಕು ತಾಸು."