ಮಿಸ್ರಿ ಜೇನಿನ ಹುಳಿಯೂ ನಮ್ಮ ಗುರುಗಳ ನಾಲಗೆಯೂ

ಜೇನೆಂದರೆ ಸಿಹಿ ಎಂದು ಲೋಕವೆಲ್ಲ ನಂಬಿಕೊಂಡಿದ್ದ ಹೊತ್ತಿನಲ್ಲಿ, ಹುಳಿಯೂ ಜೇನಿನ ಗುಣವೇ ಹೊರತು ದೋಷವಲ್ಲವೆಂದು ಪಟ್ಟು ಹಿಡಿದು ಸಾಧಿಸಿದವರು ನಮ್ಮ ಗುರುಗಳು. ಮಿಸ್ರಿ ಎಂದು ಕರೆಯುವ, ಕೊಂಡಿಯಿಲ್ಲದ ಪುಟ್ಟ ಜೇನುನೊಣಗಳ ಅಧ್ಯಯನಕ್ಕೆ ನಮ್ಮಲ್ಲಿ ಇಂದು ಒಂದು ಸ್ಥಾನವಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. ಹೊಗಳಿದರೆ ಎದ್ದು ಹೋಗುವ ಮನುಷ್ಯರ ಬಗ್ಗೆ ಬರೆಯುವುದು ಹೇಗಪ್ಪಾ ಎಂದು ಮೊದಲು ದಿಗಿಲಾಯಿತು. ಈ ಅಭಿನಂದನ ಗ್ರಂಥವನ್ನು ಅವರು ಮುಚ್ಚಿಟ್ಟರೂ ಅಚ್ಚಾದದ್ದು ಅಳಿಯದೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಅವರು ನಮ್ಮ ಜೇನು ಸಂಶೋಧನಾ ಸಂಸ್ಥೆಗೆ ಕಿರಿಯ ರಸಾಯನಶಾಸ್ತ್ರಜ್ಞರಾಗಿ ಸೇರಿದ ಕಾಲದಲ್ಲಿ, ಪರೀಕ್ಷೆಗೆ ಬಂದ ಮಿಸ್ರಿ ಜೇನೆಲ್ಲ ‘ಕಲಬೆರಕೆ’ ಎಂಬ ಹಣೆಪಟ್ಟಿ ಹೊತ್ತು ಹಿಂತಿರುಗುತ್ತಿತ್ತಂತೆ. ಅದರಲ್ಲಿ ನೀರಿನಂಶ ಹೆಚ್ಚು, ಹುಳಿ ಹೆಚ್ಚು. ಬೇರೆ ಜೇನಿಗಾಗಿ ಮಾಡಿಟ್ಟ ಅಳತೆಯಲ್ಲಿ ಪಾಪ ಅದು ತೇರ್ಗಡೆಯಾಗುವುದಾದರೂ ಹೇಗೆ? ಗುರುಗಳು ಮರದ ಪೊಟರೆ, ಗೋಡೆಯ ಬಿರುಕುಗಳಲ್ಲಿ ಗೂಡು ಹುಡುಕಿ, ಮೇಣಕ್ಕೆ ಮರದ ಅಂಟು ಕಲಸಿ ನೊಣಗಳು ಕಟ್ಟಿದ ಕುಡಿಕೆಗಳಿಂದ ತಮ್ಮ ಕೈಯಾರೆ ಹೀರಿ ತೆಗೆದ ಜೇನೂ ಅಷ್ಟೇ ಹುಳಿಯೆಂದು ವರ್ಷಗಟ್ಟಲೆ ತೋರಿಸಿದರು. ಕೊನೆಗೆ ಅದಕ್ಕೆ ಅದರದೇ ಅಳತೆ ಬಂತು.

ಯಂತ್ರ ಹುಳಿಯನ್ನು ಅಳೆದೀತು, ಪರಿಮಳವನ್ನು ಬಣ್ಣಿಸಲಾರದು ಎಂದು ಅವರು ರುಚಿಕೋಣೆಯನ್ನು ತೆರೆದರು. ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಹಲಗೆಯ ಮರೆಗಳು, ಜೇನಿನ ಬಣ್ಣ ತಿಳಿಯದಂತೆ ಕೆಂಪು ದೀಪ, ಬಟ್ಟಲು ಒಳಗೆ ಸರಿಸಲು ಒಂದೊಂದು ಕಿಂಡಿ. ವಿದ್ಯಾರ್ಥಿನಿಯಾಗಿ ನಾನು ಬಂದು ಕುಳಿತದ್ದು ಅಲ್ಲಿಗೇ. ಮಾತಿಗೆ ಮಾತು ಕೊಡುವ ನನ್ನನ್ನು ಬಾಯಿಬಡುಕಿ ಎಂದವರೇ ಹೆಚ್ಚು. ಇಷ್ಟು ಚುರುಕಾದ ನಾಲಗೆಯನ್ನು ಬರೀ ಜಗಳಕ್ಕೆ ಯಾಕಮ್ಮ ಖರ್ಚು ಮಾಡುತ್ತೀಯ ಎಂದು ಕೇಳಿದವರು ಗುರುಗಳೊಬ್ಬರೇ. ಮುಂದೆ ನಾನು ಬಸುರಿಯಾಗಿ, ಜೇನಿನ ವಾಸನೆ ಬಂದರೇ ಓಕರಿಸುವಂತಾದಾಗ, ನನ್ನ ಜಾಗಕ್ಕೆ ಬೇರೆಯವರನ್ನು ತರಲು ಕಚೇರಿಯವರು ಅವಸರಪಟ್ಟರು. ಆ ಕುರ್ಚಿಯ ಕಾಲು ಮುರಿದಿದೆ, ರಿಪೇರಿಯಾಗಬೇಕು ಎಂದು ಹೇಳುತ್ತಾ ನಾನು ಬಾಣಂತನ ಮುಗಿಸಿ ಬರುವವರೆಗೂ ಗುರುಗಳು ಅದನ್ನು ಖಾಲಿ ಉಳಿಸಿದರು. ಸುಳ್ಳಾಡದ ಮನುಷ್ಯ ಆಡಿದ ಆ ಒಂದು ಸುಳ್ಳಿನ ಋಣದಲ್ಲಿ ನನ್ನ ಸಂಶೋಧನೆಯೆಲ್ಲ ನಿಂತಿದೆ.

ಕೆಲವು ವರ್ಷಗಳ ಹಿಂದೆ ಅವರಿಗೆ ಒಂದು ಜ್ವರ ಬಂದು ಹೋಯಿತು. ಎದ್ದು ಕೆಲಸಕ್ಕೆ ಬಂದ ಮೊದಲ ವಾರದಲ್ಲೇ ಒಂದೇ ಜೇನಿನ ಬಟ್ಟಲುಗಳು ಎಲ್ಲರ ಕಿಂಡಿಗೂ ಬಂದವು. ಮೂಗಿನ ಹತ್ತಿರ ತಂದ ಕೂಡಲೇ ನಾವೆಲ್ಲ ಮುಖ ಕಿವುಚಿ ಕೆಳಗಿಟ್ಟೆವು. ಜೇನು ಕೆಟ್ಟು ಗಬ್ಬು ನಾರುತ್ತಿತ್ತು. ಗುರುಗಳು ಮಾತ್ರ ನೆಮ್ಮದಿಯಾಗಿ ಸವಿದು ‘ಉತ್ತಮ’ ಎಂದು ಬರೆದಿದ್ದರು. ವಿಷಯ ತಿಳಿದಾಗ ಅವರು ಜ್ವರವನ್ನು ನೆಪ ಹೇಳಲಿಲ್ಲ. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತರು.

“ನನಗೆ ವಾಸನೆಯೇ ಬರ್ತಿಲ್ಲ ಕಣಮ್ಮ. ಇನ್ಮೇಲೆ ನನ್ನ ಹಾಳೆ ಲೆಕ್ಕಕ್ಕೆ ತಗೋಬೇಡಿ.”

ಅಂದಿನಿಂದ ಅವರು ಕಿಂಡಿಯ ಆಚೆ ಬದಿಗೆ ಹೋದರು. ಇಡೀ ಕೋಣೆಯನ್ನು ಕಟ್ಟಿದವರು ನಮಗೆ ಬಟ್ಟಲು ಸರಿಸುತ್ತಾ, ಬಾಯಿ ಮುಕ್ಕಳಿಸಲು ಬೆಚ್ಚನೆಯ ನೀರು ಕೊಡುತ್ತಾ ನಿಂತರು. ಅಮ್ಮ, ಎಂದರೆ ಗುರುಗಳ ಮಡದಿ, ನಕ್ಕೇ ಹೇಳುತ್ತಿದ್ದರು: ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ನಮ್ಮ ವಿಜ್ಞಾನಿಗಳು ಪಕ್ಕದಲ್ಲೇ ಪೇಪರ್ ಓದುತ್ತಾ ಕುಳಿತಿದ್ದರು ಎಂದು. ಹೇಳಿ ಮುಗಿಸುವಷ್ಟರಲ್ಲಿ ಅವರ ಕಣ್ಣು ತುಂಬಿರುತ್ತಿತ್ತು. ಸ್ವಯಂನಿವೃತ್ತಿಯ ಅರ್ಜಿ ಬರೆಯುವ ಮಾತು ಮನೆಯಲ್ಲಿ ಎದ್ದಿದೆ ಎಂದು ಅಮ್ಮನಿಂದಲೇ ತಿಳಿಯಿತು.

ನನಗೆ ಸಂಕಟಕ್ಕಿಂತ ಸಿಟ್ಟು ಹೆಚ್ಚಾಯಿತು. ಮೂಗು ಹೋದರೆ ನಾಲಗೆಯೂ ಹೋಯಿತೇ? ಸಿಹಿ ಹುಳಿಗಳನ್ನು ತಿಳಿಯಲು ಮೂಗು ಬೇಕಿಲ್ಲವೆಂದು ನಮಗೆ ಪಾಠ ಹೇಳಿದವರೇ ಅವರು. ಹುಳಿಯ ಕ್ರಮದಲ್ಲಿ ಬಟ್ಟಲುಗಳನ್ನು ಜೋಡಿಸಿಕೊಡಿ ಎಂದು ಅವರ ಮುಂದೆ ಹಠ ಹಿಡಿದು ಕುಳಿತೆ. ಕೊನೆಗೆ ಅವರು ಷರತ್ತು ಹಾಕಿ ಒಪ್ಪಿದರು.

“ಆಯ್ತು. ಆದ್ರೆ ಮರುಕಕ್ಕೆ ಅಂಕ ಕೊಡ್ಬೇಡ. ಬಟ್ಟಲಿಗೆ ಗುರುತು ಬೇರೆ ಯಾರಾದ್ರೂ ಹಾಕ್ಲಿ, ನೀನು ಹೊರಗಿರು.”

ಹಾಗೆಯೇ ಮಾಡಿದೆವು. ಯಂತ್ರ ಕೊಟ್ಟ ಕ್ರಮವೂ ಅವರು ಇಟ್ಟ ಕ್ರಮವೂ ಒಂದೇ ಆಗಿತ್ತು. ತಪ್ಪಿದವರು ನಾವು, ಹೂವಿನ ಘಮ ಹೆಚ್ಚಿದ್ದ ಬಟ್ಟಲನ್ನು ಕಡಿಮೆ ಹುಳಿಯೆಂದು ತಿಳಿದು ಮೋಸಹೋಗಿದ್ದೆವು. ನಂಬದೆ ಬೇರೆ ಬೇರೆ ಗೂಡುಗಳ ಜೇನಿನಲ್ಲಿ ಮತ್ತೆ ಮತ್ತೆ ನೋಡಿದೆವು, ಫಲ ಬದಲಾಗಲಿಲ್ಲ. ಪರಿಮಳದ ಮಾತು ನಮಗೆ, ಹುಳಿಯ ತೀರ್ಪು ಅವರಿಗೆ ಎಂದು ಆಮೇಲೆ ಗೊತ್ತುಮಾಡಿದೆವು. ಮತ್ತೆ ಒಳಗೆ ಬಂದು ಕುಳಿತ ದಿನ ಅವರು ಬಟ್ಟಲು ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಅಂದರು:

“ಬೇರೆ ಜೇನೆಲ್ಲ ನನಗೀಗ ಬರೀ ಸಕ್ಕರೆ ಪಾಕ. ಇದೊಂದೇ ನನ್ನ ಕೈ ಬಿಡ್ಲಿಲ್ಲ ನೋಡು.”

ಕೆಂಪು ದೀಪವಿದ್ದದ್ದು ಒಳ್ಳೆಯದಾಯಿತು, ನಾವೆಲ್ಲ ಅತ್ತದ್ದು ಯಾರಿಗೂ ಕಾಣಲಿಲ್ಲ. ಅರ್ಜಿಯ ಮಾತು ಆಮೇಲೆ ಏಳಲೇ ಇಲ್ಲ.

ಗುರುಗಳೇ, ಈಗ ವಯಸ್ಸಿನ ನಿಯಮದಂತೆ ನಿಮಗೆ ಬಿಡುಗಡೆಯಾಗಿದೆ. ಅಮ್ಮನೊಂದಿಗೆ ನೂರು ಕಾಲ ಸುಖವಾಗಿ ಬಾಳಿ. ಆದರೆ ಹುಳಿಯ ತೀರ್ಪು ಹೇಳಲು ನಮ್ಮಲ್ಲಿ ಬೇರೆ ಯಾರೂ ಇಲ್ಲ. ಸೋಮವಾರ ಬೆಳಿಗ್ಗೆ ಹೊಸ ಗೂಡುಗಳ ಜೇನು ಬರುತ್ತದೆ, ನಿಮ್ಮ ಬಟ್ಟಲು ಕಿಂಡಿಯಲ್ಲಿರುತ್ತದೆ. ದಯವಿಟ್ಟು ಕಾಫಿ ಕುಡಿಯದೆ ಬನ್ನಿ. ರುಚಿ ನೋಡುವವರಿಗೆ ಆ ನಿಯಮ ಮಾಡಿದವರು ನೀವೇ, ನಿವೃತ್ತರಿಗೆಂದು ಅದರಲ್ಲಿ ರಿಯಾಯಿತಿ ಬರೆದಿಲ್ಲ.