ಮಾತು ಮುಟ್ಟಿಸುವವಳು

ನನ್ನ ಹೆಂಡತಿ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದವರಿಗೆ, ವಾಷಿಂಗ್ ಮಷಿನ್ ರಿಪೇರಿ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಾಳೆ ಎನ್ನುತ್ತೇನೆ. ಅದು ಅರ್ಧ ನಿಜ. ಕೌಂಟರಿನ ಈಚೆ ಗಿರಾಕಿ, ಹಿಂದಿನ ಕೋಣೆಯಲ್ಲಿ ಮೆಕ್ಯಾನಿಕ್. ಅಂಗಡಿಯವರು ಅವನನ್ನು ಸಿಡುಕ ಎಂದೇ ಕರೆಯುವುದು. ನಡುವೆ ಇವಳು. "ಆ ಯಪ್ಪ ಮಷಿನ್‌ಗೆ ಬಟ್ಟೆ ಹಾಕಿದ್ನೋ ಮಣ್ಣು ತುಂಬಿದ್ನೋ ಕೇಳ್ಕೊಂಡ್ ಬನ್ನಿ" ಎಂದು ಸಿಡುಕ ಗೊಣಗಿದರೆ, ಇವಳು ಈಚೆ ಬಂದು, "ಸ್ವಲ್ಪ ಭಾರ ಜಾಸ್ತಿ ಆಗಿದೆಯಂತೆ ಸಾರ್" ಎನ್ನುತ್ತಾಳೆ. "ನಿಮ್ಮ ಮೆಕ್ಯಾನಿಕ್‌ಗೆ ಕತ್ತೆ ಕಾಯೋಕೆ ಹೋಗು ಅನ್ನಿ" ಎಂದು ಗಿರಾಕಿ ಹಾರಾಡಿದರೆ, ಒಳಗೆ ಹೋಗಿ, "ಪಾಪ, ಅವರಿಗೆ ಸ್ವಲ್ಪ ಬೇಗ ಬೇಕಂತೆ" ಎನ್ನುತ್ತಾಳೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ದವಡೆ ಒತ್ತಿಕೊಳ್ಳುತ್ತಾಳೆ. ದಿನವಿಡೀ ನಕ್ಕು ನಕ್ಕು ನೋವು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮನೆಯಲ್ಲೂ ಅವಳಿಗೆ ಅದೇ ಕೌಂಟರ್.

ಅವಳಿಗೆ ಒಬ್ಬ ಅಣ್ಣ, ಒಬ್ಬಳು ತಂಗಿ. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಅವರ ತಾಯಿ ತೀರಿಕೊಂಡ ದಿನ ನನ್ನ ನಾದಿನಿ ಬರುವುದು ತಡವಾಯಿತು. ಭಾವ ಬಾಗಿಲಲ್ಲೇ ನಿಂತು, ಬಂದವರೆಲ್ಲರ ಎದುರು, "ಈಗ ಬಂದ್ಯಾ?" ಎಂದರು. ಅಷ್ಟೇ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ಆದರೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಬೇಕು. ನಾವು ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ ಫೋನು. "ಅವಳಿಗೆ ಕೊಬ್ಬು ಇಳಿದಿದ್ಯಾ ಕೇಳು" ಎಂದು ಅಣ್ಣ. ಇವಳು ಒಂದು ಕೈಯಲ್ಲಿ ತುತ್ತು ಹಿಡಿದುಕೊಂಡೇ ತಂಗಿಗೆ ಫೋನ್ ಮಾಡಿ, "ಅಣ್ಣ ನಿನ್ನ ಆರೋಗ್ಯ ವಿಚಾರಿಸ್ತಿದ್ದ" ಎನ್ನುವಳು. "ಅವನ ಹೆಸರು ಎತ್ತಬೇಡ" ಎಂದು ತಂಗಿ ಸಿಡಿದರೆ, ಅದು ಅಣ್ಣನ ಕಿವಿಗೆ ಮುಟ್ಟುವಾಗ "ನಿನ್ನನ್ನ ನೆನಸ್ಕೊಂಡ್ಲು" ಎಂದಾಗಿರುತ್ತಿತ್ತು. ಹೆಸರು ಎತ್ತಿದ್ದು ನಿಜ ತಾನೇ ಎಂದು ನನ್ನನ್ನೇ ಕೇಳುವಳು.

ನನಗೆ ಮೈ ಉರಿಯುತ್ತಿತ್ತು. ನಾನು ಕರೆಂಟ್ ಮೀಟರ್ ಓದುವವನು. ಮೀಟರ್ ತೋರಿಸಿದ್ದನ್ನು ಬರೆಯುವುದು, ಮನೆಯವರು ಏನೇ ಬೈದರೂ ಗೇಟು ಹಾಕಿಕೊಂಡು ಮುಂದಿನ ಮನೆಗೆ ಹೋಗುವುದು. "ಅವರಿಬ್ಬರೂ ಚಿಕ್ಕ ಮಕ್ಕಳಾ? ನೇರವಾಗಿ ಜಗಳ ಆಡಿಕೊಳ್ಳಲಿ ಬಿಡು" ಎನ್ನುತ್ತಿದ್ದೆ. "ನಾನು ಬಿಟ್ರೆ ಅವರಿಗೆ ಯಾರಿದಾರೆ?" ಎನ್ನುತ್ತಿದ್ದಳು. ಆ ಫೋನುಗಳಲ್ಲಿ ಒಬ್ಬರಾದರೂ "ನೀನು ಹೇಗಿದ್ದೀಯಾ?" ಎಂದು ಕೇಳಿದ್ದನ್ನು ನಾನು ಕೇಳಿಸಿಕೊಂಡಿಲ್ಲ.

ಈಚೆಗೆ ನಾದಿನಿಗೆ ಗರ್ಭಕೋಶದ ಆಪರೇಷನ್ ಎಂದು ಗೊತ್ತಾಯಿತು. ಅವಳು ಹೆದರಿದ್ದಳು. "ಅಣ್ಣ ಒಂದ್ಸಲ ಬಂದು ತಪ್ಪಾಯ್ತು ಅಂದ್ರೆ ಸಾಕು" ಎಂದಳು. ಭಾವನನ್ನು ಕೇಳಿದರೆ, "ಅವಳು ತಪ್ಪಾಯ್ತು ಅನ್ಲಿ, ಬರ್ತೀನಿ" ಎಂದರು. ಇಬ್ಬರೂ ಇಟ್ಟ ಷರತ್ತು ಒಂದೇ. ಇವಳು ಎರಡು ದಿನ ಒದ್ದಾಡಿದಳು. ಕೊನೆಗೆ ಅಣ್ಣನಿಗೆ ತಂಗಿ ಅತ್ತಳೆಂದೂ, ತಂಗಿಗೆ ಅಣ್ಣ ಅತ್ತನೆಂದೂ ಹೇಳಿಬಿಟ್ಟಳು. ಮುಖ ಮುಖ ನೋಡಿದ ಮೇಲೆ ನಿಜ ಸುಳ್ಳು ಕೇಳುವವರು ಯಾರು ಎಂದು ಅವಳ ಲೆಕ್ಕ.

ಆಪರೇಷನ್ ಆದ ಮಾರನೆಯ ದಿನ ಭಾವ ಹಣ್ಣಿನ ಚೀಲ ಹಿಡಿದು ವಾರ್ಡಿಗೆ ಬಂದರು. ಮಂಚದ ಪಕ್ಕದ ಸ್ಟೂಲಿನಲ್ಲಿ ಇವಳು ಹಿಂದಿನ ರಾತ್ರಿಯಿಂದ ಕೂತಿದ್ದಳು. ಊಟದ ಡಬ್ಬಿ ಕೊಡಲು ಬಂದ ನಾನು ಬಾಗಿಲ ಬಳಿ ನಿಂತಿದ್ದೆ.

"ಅಷ್ಟೊಂದು ಅತ್ಬಿಟ್ಯಂತೆ. ನನ್ನ ಮನಸ್ಸೂ ಕರಗ್ತು, ಬಂದೆ" ಎಂದರು ಭಾವ.

"ನಾನ್ಯಾಕೆ ಅಳ್ಲಿ? ಅತ್ತಿದ್ದು ನೀನಲ್ವಾ?" ಎಂದಳು ನಾದಿನಿ.

ಇಬ್ಬರೂ ಇವಳ ಕಡೆ ತಿರುಗಿದರು. ಗಿರಾಕಿ, ಮೆಕ್ಯಾನಿಕ್ ಇಬ್ಬರೂ ಎದುರಾಬದುರಾಗಿ ಕೂತುಬಿಟ್ಟರೆ ನಡುವಿನವಳಿಗೆ ಮಾತೇ ಇರುವುದಿಲ್ಲ. ಇವಳು ಎಂದಿನಂತೆ ನಗಲು ಹೋದಳು.

"ನಮ್ಮನ್ನೇನು ಮಂಗ ಮಾಡ್ತಿದ್ಯಾ ಅಕ್ಕ? ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳಾ?"

"ಇವಳ ನಾಟಕ ನಂಗೆ ಮೊದಲೇ ಗೊತ್ತಾಗಬೇಕಿತ್ತು" ಎಂದರು ಭಾವ. "ನೀನು ಎದ್ದೇಳು, ನಾನು ಕೂತ್ಕೋತೀನಿ."

ಇವಳು ಎದ್ದಳು. ಭಾವ ಆ ಸ್ಟೂಲಿನಲ್ಲಿ ಕೂತು ಹಣ್ಣು ಸುಲಿಯತೊಡಗಿದರು. ಅವರು ಕೊಟ್ಟ ತೊಳೆಗೆ ನಾದಿನಿ ಬಾಯಿ ತೆರೆದಳು. ನಾವು ಮೆಟ್ಟಿಲು ಇಳಿಯುವಾಗ ಇಬ್ಬರೂ ಸೇರಿ ಇವಳನ್ನು ಬೈಯುತ್ತಿದ್ದುದು ಕೇಳಿಸುತ್ತಿತ್ತು. ಅಂತೂ ಒಂದಾದರು. ಇವಳು ಬೇಡಿಕೊಂಡಿದ್ದೂ ಅದನ್ನೇ.

ಆಮೇಲೆ ಫೋನು ನಿಂತಿತು. ಊಟ ನೆಮ್ಮದಿಯಾಗಿ ಆಗುತ್ತದೆ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಇವಳು ಮಾತ್ರ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಉಣ್ಣುತ್ತಿದ್ದಳು. ಹಾಗೇ ದಿನ ಕಳೆಯಿತು. ಒಂದು ದಿನ ಸಿಡುಕ ಏನೋ ಹೇಳಿದ್ದನ್ನು ಕೇಳಿಕೊಂಡು ಕೌಂಟರಿಗೆ ಬಂದವಳಿಗೆ ಗಿರಾಕಿಯ ಎದುರು ಬಾಯಿಯೇ ಹೊರಡಲಿಲ್ಲವಂತೆ. ಅಂಗಡಿಯವರು ಆಟೋ ಹತ್ತಿಸಿ ಕಳಿಸಿದರು. ನಾನು ಬರುವಷ್ಟರಲ್ಲಿ ಚಪ್ಪಲಿಯನ್ನೂ ಬಿಡದೆ ಗೋಡೆ ಕಡೆ ತಿರುಗಿ ಮಲಗಿದ್ದಳು.

"ಅಣ್ಣಂಗೆ ಒಂದು ಫೋನ್ ಮಾಡಿ" ಎಂದಳು. "ನಂಗೆ ಸುಸ್ತಾಗಿದೆ ಅಂತ ಹೇಳಿ. ಅಳ್ತಿದ್ದಾಳೆ ಅನ್ನಬೇಡಿ, ತಪ್ಪಾಯ್ತಂತೆ ಅನ್ನಬೇಡಿ. ಏನೂ ಸೇರಿಸ್ಬೇಡಿ. ನಿಮಗೆ ಸೇರಿಸೋಕೆ ಬರಲ್ಲ, ಅದಕ್ಕೇ ನಿಮಗೆ ಹೇಳ್ತಿರೋದು."

ನಾನು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಫೋನ್ ಮಾಡಿದೆ. ಹೇಳಿದ್ದಷ್ಟನ್ನೇ ಹೇಳಿದೆ.

"ಸುಸ್ತಾದ್ರೆ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ. ನಂಗ್ಯಾಕೆ ಹೇಳ್ತೀರಾ?" ಎಂದರು ಭಾವ. ಹಿಂದೆ ನಾದಿನಿಯ ದನಿ: "ಯಾರಣ್ಣ, ಅಕ್ಕನ ಕಡೆಯವರಾ? ಇನ್ನೇನಂತೆ ಹೊಸ ನಾಟಕ?"

ಒಳಗೆ ಬಂದೆ. ಅವಳು ಎದ್ದು ಕೂತಿದ್ದಳು.

"ಏನಂದ?"

ಆ ಮುಖ ನೋಡಿಕೊಂಡು ನಿಜ ಹೇಳುವ ಗಂಡಸು ಇದ್ದರೆ ಇರಲಿ, ನಾನಲ್ಲ. "ಗಾಬರಿಯಾದ್ರು. ಚೆನ್ನಾಗಿ ನೋಡ್ಕೊಳ್ಳಿ ಅಂದ್ರು. ಬಿಡುವಾದಾಗ ಬರ್ತಾರಂತೆ" ಎಂದೆ.

ಅವಳು ನನ್ನನ್ನೇ ನೋಡಿದಳು. ಬೈಯಲಿಲ್ಲ.

"ಅಣ್ಣ ಬಿಡುವಾದಾಗ ಅನ್ನಲ್ಲ ಕಣ್ರೀ" ಎಂದಳು ಮೆಲ್ಲಗೆ. "ಅದು ನಾನು ಹಾಕ್ತಿದ್ದ ಮಾತು."

ಚಪ್ಪಲಿ ಕಳಚುತ್ತಾ ಕೇಳಿದಳು: "ನಂಗೆ ಈಗ ತಟ್ಟಂತ ಗೊತ್ತಾಯ್ತಲ್ಲ, ಅವರಿಗೂ ಹೀಗೇ ಗೊತ್ತಾಗ್ತಿತ್ತಾ?"

ಗೊತ್ತಾಗಿರಲೇಬೇಕು. ಅಷ್ಟು ವರ್ಷ ಗೊತ್ತಿದ್ದೂ, ಬೇಕಾಗಿದ್ದರಿಂದ ಇಬ್ಬರೂ ನಂಬಿದಂತೆ ಇದ್ದರು. ಕೊನೆಗೆ ಬೇಡವಾದಾಗ ಅವಳನ್ನೇ ಸುಳ್ಳಿ ಎಂದರು. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೆ.

"ಛೆ, ಅವರಿಗೆ ಅಷ್ಟು ಬುದ್ಧಿ ಎಲ್ಲಿದೆ, ಬಿಡೇ" ಎಂದೆ. ಅವಳು ನಂಬಿದವಳಂತೆ ತಲೆಯಾಡಿಸಿ ಮತ್ತೆ ಗೋಡೆ ಕಡೆ ತಿರುಗಿದಳು.